ತೋಪು ಉದ್ದವಿದ್ದರೆ ಗುಂಡು ದೂರ ಹೋಗುತ್ತದಾ?

ಕಲಬುರಗಿ ಕೋಟೆಯ ಬಾರಾ ಗಜಿ ತೋಪಿನ ಮುಂದೆ ನಿಂತವರು ಕೇಳುವುದು ಒಂದೇ: ಇದರ ಗುಂಡು ಎಷ್ಟು ದೂರ ಹೋಗುತ್ತಿತ್ತು? ಒಬ್ಬೊಬ್ಬರದು ಒಂದೊಂದು ಉತ್ತರ. ಉದ್ದ 29 ಅಡಿ ಎನ್ನುತ್ತಾರೆ. (ಹೆಸರಲ್ಲಿರುವುದು ಹನ್ನೆರಡು ಗಜ. ಈಗಿನ ಗಜವಾದರೆ 36 ಅಡಿ ಆಗಬೇಕಿತ್ತು. ಆಗಿನ ಗಜ ಗಿಡ್ಡವಿದ್ದಿರಬೇಕು.) ಇಷ್ಟುದ್ದದ ತೋಪು, ಗುಂಡೂ ಅಷ್ಟೇ ದೂರ ಹೋಗಿರಬೇಕು ಅನ್ನಿಸುತ್ತದೆ, ಅಲ್ವಾ? ಅದು ಅರ್ಧ ಸರಿ.

ಮದ್ದು ಹೊತ್ತಿದಾಗ ಎದ್ದ ಬಿಸಿ ಅನಿಲ ಗುಂಡನ್ನು ನಳಿಗೆಯ ಉದ್ದಕ್ಕೂ ತಳ್ಳುತ್ತದೆ. ನಳಿಗೆ ಉದ್ದವಿದ್ದರೆ ತಳ್ಳುವ ದೂರವೂ ಜಾಸ್ತಿ. ಆದರೆ ಗುಂಡು ಮುಂದೆ ಸರಿದಂತೆ ಅನಿಲಕ್ಕೆ ಜಾಗ ಸಿಗುತ್ತದೆ, ಒತ್ತಡ ಇಳಿಯುತ್ತದೆ. ಕೊನೆಯ ಕೆಲವು ಅಡಿಗಳಿಂದ ಸಿಗುವ ಲಾಭ ಅಷ್ಟಕ್ಕಷ್ಟೇ. ಬಾಯಿ ದಾಟಿದ ಮೇಲಂತೂ ಉದ್ದದ ಮಾತೇ ಇಲ್ಲ.

ತಳ್ಳುವುದು ನಿಂತರೆ ವಸ್ತುವೂ ನಿಲ್ಲುತ್ತದೆ ಎಂಬ ಅರಿಸ್ಟಾಟಲನ ತಪ್ಪು ಮಾತು ಶತಮಾನಗಟ್ಟಲೆ ನಡೆಯಿತು. 1537ರಲ್ಲಿ ಇಟಲಿಯ ಗಣಿತಜ್ಞ ಟಾರ್ಟಾಗ್ಲಿಯಾ 45 ಡಿಗ್ರಿ ಕೋನದಲ್ಲಿ ಗುಂಡು ಅತಿ ದೂರ ಹೋಗುತ್ತದೆ ಎಂದ, 1638ರಲ್ಲಿ ಗೆಲಿಲಿಯೋ ಗುಂಡಿನ ಬಾಗುದಾರಿ ಬಿಡಿಸಿದ, 1687ರಲ್ಲಿ ನ್ಯೂಟನ್ ಬಲದ ನಿಯಮ ಬರೆದ. ನಮ್ಮ ಪಿಯುಸಿ ಸೂತ್ರ ಬಂದದ್ದು ಹೀಗೆ: ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು. ಅದರಲ್ಲಿ ತೂಕದ ಹೆಸರೇ ಇಲ್ಲ.

ಗೊಂದಲ ಹುಟ್ಟುವುದು ಇಲ್ಲೇ. ಜೋಳದ ಹೊಲದಲ್ಲಿ ಅಟ್ಟ ಹತ್ತಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಬೇರೆಯೇ ಗೊತ್ತಿರುತ್ತದೆ. ಸಣ್ಣ ಹರಳು ರೊಯ್ಯನೆ ಹೊರಟು ಅರ್ಧ ದಾರಿಯಲ್ಲೇ ಸೋಲುತ್ತದೆ. ದೊಡ್ಡ ಕಲ್ಲಿಗೆ ವೇಗವೇ ಹತ್ತುವುದಿಲ್ಲ. ದೂರ ಹೋಗುವುದು ನಡುವಿನದು. ಅಷ್ಟೇ ಬಲಕ್ಕೆ ಭಾರದ ಕಲ್ಲು ನಿಧಾನ ಹೊರಡುತ್ತದೆ, ಹಗುರ ಕಲ್ಲಿನ ವೇಗವನ್ನು ಗಾಳಿ ಬೇಗ ಕಿತ್ತುಕೊಳ್ಳುತ್ತದೆ. ಭಾರದ್ದೇ ದೂರ ಎನ್ನುವವರೂ ಹಗುರದ್ದೇ ದೂರ ಎನ್ನುವವರೂ ಸುಮ್ನೆ ಜಗಳ ಆಡುತ್ತಾರೆ.

ಗಾಳಿಯ ಈ ಲೂಟಿಯನ್ನು ಅಳೆದು ತೋರಿಸಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್, 1742ರಲ್ಲಿ. ತೂಗುಬಿಟ್ಟ ದಿಮ್ಮಿಗೆ ಗುಂಡು ಹೊಡೆದ. ದಿಮ್ಮಿ ಎಷ್ಟು ಓಲಾಡಿತು ಎಂಬುದರಿಂದ ಗುಂಡಿನ ವೇಗ ಲೆಕ್ಕ ಹಾಕಿದ. ಬಂದೂಕಿನ ಗುಂಡಿನ ವೇಗ ಸೆಕೆಂಡಿಗೆ ಸುಮಾರು 1,700 ಅಡಿ. 45 ಡಿಗ್ರಿಗೆ ಹೊಡೆದರೆ ಸೂತ್ರದ ಪ್ರಕಾರ ಅದು 17 ಮೈಲಿ ಹೋಗಬೇಕು. ನಿಜಕ್ಕೂ ಅರ್ಧ ಮೈಲಿಯೂ ಮುಟ್ಟುತ್ತಿರಲಿಲ್ಲ! ಆದರೂ ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ 'ಗಾಳಿಯ ತಡೆ ಇಲ್ಲವೆಂದು ಭಾವಿಸಿ' ಎಂಬ ಒಂದು ಸಾಲಿನಲ್ಲಿ ಇಷ್ಟೆಲ್ಲ ಮುಗಿದುಹೋಗುತ್ತದೆ. ಆ ಸಾಲಿನ ಮೇಲೆ ಕ್ಲಾಸಿನಲ್ಲಿ ಹತ್ತು ನಿಮಿಷ ನಿಂತಿದ್ದರೆ ಚೆನ್ನಾಗಿತ್ತು.

ಇನ್ನು ತೋಪಿನ ಪ್ರಶ್ನೆ. ಉದ್ದ ಕೇಳುವ ಮೊದಲು ಕೇಳಬೇಕಾದದ್ದು ಮದ್ದು ಎಷ್ಟು, ಬಾಯಿ ಎಷ್ಟು ಎತ್ತಿದ್ದರು, ಗುಂಡು ಕಲ್ಲಿನದೋ ಕಬ್ಬಿಣದ್ದೋ ಎಂದು. ಅದೇ ಗಾತ್ರದ ಕಲ್ಲುಗುಂಡು ಕಬ್ಬಿಣದ್ದರ ಅರ್ಧದಷ್ಟೂ ತೂಗುವುದಿಲ್ಲ. ಅಷ್ಟೇ ಮದ್ದಿಗೆ ಜೋರಾಗಿ ಹೊರಡುತ್ತದೆ, ಬೇಗ ದಣಿಯುತ್ತದೆ.