ಬೀದಿಗೆ ಕಾಣುವ ಅಭ್ಯಾಸ: ಡೆಪ್ಟ್‌ಫರ್ಡ್‌ನ ಲಾಬಾನ್ ಕಟ್ಟಡ

ನೃತ್ಯಶಾಲೆ ಬೀದಿಗೆ ಬೆನ್ನು ಹಾಕಿ ನಿಲ್ಲುವುದಕ್ಕೆ ಕಾರಣವಿದೆ. ಅಭ್ಯಾಸವೆಂದರೆ ತಪ್ಪುವುದು, ಬೀಳುವುದು, ಅದೇ ಹೆಜ್ಜೆಯನ್ನು ಮತ್ತೆ ಮತ್ತೆ ಹಾಕುವುದು. ದಾರಿಹೋಕರು ಗಾಜಿನಾಚೆ ನಿಂತು ದಿಟ್ಟಿಸುತ್ತಿದ್ದರೆ ಕಲಿಯುವವರ ಮೈ ಬಿಗಿಯುತ್ತದೆ. ಹಾಗೆಂದು ಗೋಡೆ ಎಬ್ಬಿಸಿದರೆ ಒಳಗೆ ಏನು ನಡೆದಿದೆಯೆಂದು ಪಕ್ಕದ ಬೀದಿಗೂ ಗೊತ್ತಾಗುವುದಿಲ್ಲ.

ಈ ಇಕ್ಕಟ್ಟಿಗೆ ನಾವು ಕಂಡ ಅತ್ಯುತ್ತಮ ಉತ್ತರ ಆಗ್ನೇಯ ಲಂಡನ್ನಿನಲ್ಲಿದೆ. ನೃತ್ಯಚಿಂತಕ ರುಡಾಲ್ಫ್ ಲಾಬಾನರ ಚಿಂತನೆಯ ಮೇಲೆ 1946ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಶಾಲೆ 1953ರಲ್ಲಿ ಸರ್ರೆಗೆ, 1970ರ ದಶಕದಲ್ಲಿ ಲಂಡನ್ನಿನ ನ್ಯೂ ಕ್ರಾಸ್‌ಗೆ ಬಂತು. ಹೊಸ ಕಟ್ಟಡದ ಸ್ಪರ್ಧೆಯನ್ನು 1997ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ವಾಸ್ತುಶಿಲ್ಪಿಗಳಾದ ಹರ್ಜಾಗ್ ಮತ್ತು ಡಿ ಮ್ಯೂರಾನ್ ಗೆದ್ದರು. ಕೈಗಾರಿಕೆಗಳಿದ್ದ ಡೆಪ್ಟ್‌ಫರ್ಡ್ ಕ್ರೀಕ್ ದಂಡೆಯಲ್ಲಿ, 13 ಸ್ಟುಡಿಯೊ, 300 ಆಸನದ ರಂಗಮಂದಿರದೊಡನೆ ಅದು 2003ರಲ್ಲಿ ತೆರೆದು, ಅದೇ ವರ್ಷ ಬ್ರಿಟನ್ನಿನ ವಾಸ್ತುಶಿಲ್ಪದ ಸ್ಟರ್ಲಿಂಗ್ ಪ್ರಶಸ್ತಿ ಪಡೆಯಿತು.

ಗುಟ್ಟೆಲ್ಲ ಗೋಡೆಯಲ್ಲಿದೆ. ಹೊರಗೆ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಅರೆಪಾರದರ್ಶಕ ಹಾಳೆ, ಒಳಗೆ ಗಾಜು, ನಡುವೆ ಗಾಳಿಯಾಡುವ ತೆರಪು. ಹೊರಪದರ ಬಿಸಿಲನ್ನು ತಡೆಯುತ್ತದೆ, ಕಾದ ಗಾಳಿ ತೆರಪಿನಲ್ಲಿ ಮೇಲೇರುತ್ತದೆ. ಹಾಳೆಗಳ ತಿಳಿಹಸಿರು, ನೀಲಿಹಸಿರು, ಕಡುಗುಲಾಬಿ ಬಣ್ಣಗಳನ್ನು ಕಲಾವಿದ ಮೈಕೆಲ್ ಕ್ರೇಗ್-ಮಾರ್ಟಿನ್ ಜೊತೆ ಕೂತು ಆರಿಸಿದ್ದು. ಅಲ್ಲಲ್ಲಿ ಮಾತ್ರ ದೊಡ್ಡ ಸ್ವಚ್ಛ ಗಾಜಿನ ಕಿಟಕಿಗಳಿವೆ.

ಕತ್ತಲಾದ ಮೇಲೆ ಒಳಗಿನ ದೀಪಗಳಿಂದ ನರ್ತಕರ ನೆರಳು ಈ ಗೋಡೆಯ ಮೇಲೆ ಮೂಡುತ್ತದೆ. ತೊಗಲುಗೊಂಬೆಯಾಟದ ಲೆಕ್ಕವೇ ಇಲ್ಲೂ: ಪರದೆಗೆ ಒತ್ತಿದ ಗೊಂಬೆಯ ಅಂಚು ಚೂಪಾಗಿ ಕಾಣುತ್ತದೆ, ಹಿಂದೆ ಸರಿದರೆ ಮಸುಕಾಗುತ್ತದೆ. ಬೀದಿಗೆ ಮುಖ ಕಾಣುವುದಿಲ್ಲ, ಚಲನೆ ಕಾಣುತ್ತದೆ. ಯಾರು ಎಡವಿದರು ಎಂಬುದು ಒಳಗೇ ಉಳಿಯುತ್ತದೆ. ಕಟ್ಟಡದ ದೊಡ್ಡ ಗೆಲುವು ಇದೇ ಎಂದು ನಮ್ಮ ಎಣಿಕೆ.

ಹಗಲಿನಲ್ಲಿ ಈ ಆಟ ನಡೆಯದು. ಹೊರಗಿನ ಬೆಳಕು ಒಳಗಿನದಕ್ಕಿಂತ ಎಷ್ಟೋ ಹೆಚ್ಚಿರುವುದರಿಂದ ಬರೀ ಬಣ್ಣ ಕಾಣುತ್ತದೆ.

ಇಂಥ ಗೋಡೆಯನ್ನು ಅನುಕರಿಸುವವರು ಎಡವುವುದು ಸಾಮಾನ್ಯವಾಗಿ ಜೋಡಣೆಯಲ್ಲಿ. 10 ಮೀಟರ್ ಉದ್ದದ ಪಾಲಿಕಾರ್ಬೊನೇಟ್ ಹಾಳೆ 40 ಡಿಗ್ರಿ ಸೆಲ್ಸಿಯಸ್ ಏರುಪೇರಿಗೆ ಸುಮಾರು 26 ಮಿಲಿಮೀಟರ್ ಹಿಗ್ಗುತ್ತದೆ, ಅಷ್ಟೇ ಉದ್ದದ ಗಾಜು 4 ಮಿಲಿಮೀಟರ್ ಕೂಡ ಹಿಗ್ಗದು. ಎರಡೂ ತುದಿಗೆ ಸ್ಕ್ರೂ ಬಿಗಿದರೆ ಹಾಳೆ ಉಬ್ಬುತ್ತದೆ, ತೂತಿನ ಸುತ್ತ ಸೀಳುತ್ತದೆ. ಒಂದು ತುದಿಯನ್ನು ಮಾತ್ರ ಭದ್ರಪಡಿಸಿ, ಉಳಿದ ಕಡೆ ಜಾರುವ ಕ್ಲಿಪ್ ಕೊಡಬೇಕು. ನೇರಳಾತೀತ ಕಿರಣ ತಡೆಯುವ ಲೇಪವಿರುವ ಮೈ ಹೊರಕ್ಕಿರಬೇಕು. ತಿರುವುಮುರುವಾದರೆ ಹಾಳೆ ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ನೆರಳೂ ಮಂಕಾಗುತ್ತದೆ.