ಮೀನಿನ ಹಾರ್ನಿಗೂ ಮೊದಲು ತಿರುಗುವ ಕಿವಿ

ಬೆಳಿಗ್ಗೆ ಎಂಟೂವರೆ. ನಮ್ಮ ಬೆಕ್ಕು ಬೊಳ್ಳಿ ಚಾವಡಿಯ ಕಂಬದ ಬುಡದಲ್ಲಿ ಮುದುಡಿ ಮಲಗಿದ್ದಾಳೆ. ಇದ್ದಕ್ಕಿದ್ದಂತೆ ಅವಳ ಎಡಗಿವಿ ಮಾತ್ರ ರಸ್ತೆ ಕಡೆಗೆ ತಿರುಗುತ್ತದೆ. ಕಣ್ಣು ಇನ್ನೂ ಮುಚ್ಚಿಯೇ ಇದೆ. ಆಮೇಲೆ ಎದ್ದು ಬಾಗಿಲ ಮೂಲೆಯಲ್ಲಿ ಹೋಗಿ ಕೂರುತ್ತಾಳೆ. ಸ್ವಲ್ಪ ಹೊತ್ತಿನ ನಂತರ ನಮಗೆ ಮೀನಿನ ಸ್ಕೂಟರಿನ ಹಾರ್ನ್ ಕೇಳಿಸುತ್ತದೆ. ಅಮ್ಮ ಪಾತ್ರೆ ಹಿಡಿದು ಹೊರಡುತ್ತಾರೆ. ಮೊದಲೆಲ್ಲ ಬಾಗಿಲು ತೆರೆದದ್ದೇ ತಡ, ಬೊಳ್ಳಿ ಅವರ ಕಾಲಿನ ಪಕ್ಕದಲ್ಲೇ ನುಗ್ಗಿ ಕಾಂಪೌಂಡಿನ ಪಾಗಾರ ಹತ್ತಿರುತ್ತಿದ್ದಳು. ಉಡುಪಿ ಪಕ್ಕದ ಉದ್ಯಾವರದ ನಮ್ಮ ಮನೆಯಿಂದ ಹೆದ್ದಾರಿ 66 ಏನೂ ದೂರವಿಲ್ಲ. ಆ ಲಾರಿಗಳ ಸದ್ದು ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಬೆಕ್ಕಿಗೆ ನಿಯತ್ತಿಲ್ಲ, ಬಾಗಿಲು ಕಂಡರೆ ಓಡುತ್ತದೆ ಅನ್ನುವವರು ಬಹಳ. ಆ ಮಾತು ಕೇಳಿದರೆ ನನಗೆ ಬೇಸರ. ಮನುಷ್ಯರ ಕಿವಿ ಸೆಕೆಂಡಿಗೆ 20 ಸಾವಿರ ಕಂಪನದವರೆಗಿನ ಸದ್ದನ್ನು ಹಿಡಿಯುತ್ತದೆ. ಬೆಕ್ಕಿಗೆ 60 ಸಾವಿರ ದಾಟಿದ್ದೂ ಕೇಳಿಸುತ್ತದೆ. ಇಲಿಮರಿಗಳು ಕೀಚುಗುಟ್ಟುವುದು ಅಂಥ ಎತ್ತರದ ದನಿಯಲ್ಲೇ. ನಾವು ಮನೆ ಅಂದುಕೊಂಡ ಜಾಗದ ಸುತ್ತ ಅವಳಿಗೆ ಯಾವಾಗಲೂ ಏನೋ ಒಂದು ಕೇಳಿಸುತ್ತಲೇ ಇರುತ್ತದೆ: ತೆಂಗಿನ ಮಡಲಿನ ಅಡಿಯಲ್ಲಿ ಇಲಿ, ಅಟ್ಟದಲ್ಲಿ ಹಲ್ಲಿ, ತಿರುವಿನಲ್ಲಿ ಸ್ಕೂಟರು. ಹಾಗಿರುವಾಗ ಅವಳು ಸುಮ್ನೆ ಹೇಗೆ ಕೂತಾಳು?

ಮೀನಿನ ಆಸೆಗೇ ಓಡುತ್ತಾಳೆ ಅಂತ ನಾವು ನಂಬಿದ್ದೆವು. ಆ ನಂಬಿಕೆ ಸುಳ್ಳಾದದ್ದು ಆಟಿಯಲ್ಲಿ, ಅಂದರೆ ತುಳುನಾಡಿನ ಜಡಿಮಳೆಯ ತಿಂಗಳಲ್ಲಿ. ಜೂನ್, ಜುಲೈನಲ್ಲಿ ಟ್ರಾಲ್ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲ, ಸ್ಕೂಟರ್ ಬರುವುದೇ ಅಪರೂಪ. ಅಂಥ ಒಂದು ಸಂಜೆ, ಬಾಗಿಲು ಭದ್ರವಾಗಿದ್ದಾಗಲೇ ಬೊಳ್ಳಿ ಕಾಣೆಯಾದಳು. ಹೋದದ್ದು ಗೋಡೆ ಮತ್ತು ಮಾಡಿನ ಹಂಚಿನ ನಡುವಿನ ಸಂದಿನಿಂದ. ನನ್ನ ಅಂಗೈ ಕೂಡ ಸಲೀಸಾಗಿ ಹೋಗದ ಜಾಗ ಅದು.

ಬೆಕ್ಕಿನ ಮೈ ಇರುವುದೇ ಹಾಗೆ. ನಮ್ಮ ಕೊರಳೆಲುಬು ಭುಜಕ್ಕೂ ಎದೆಗೂ ಗಟ್ಟಿಯಾಗಿ ಕೂಡಿಕೊಂಡಿದೆ. ಅದರಿಂದಲೇ ನಮ್ಮ ಭುಜ ಅಗಲ, ಸಂದಿನಲ್ಲಿ ಸಿಕ್ಕಿಬೀಳುತ್ತದೆ. ಬೆಕ್ಕಿನ ಕೊರಳೆಲುಬು ತೀರಾ ಸಣ್ಣದು. ಬೇರೆ ಎಲುಬಿಗೆ ಅಂಟದೆ ಮಾಂಸದೊಳಗೆ ತೇಲಿಕೊಂಡಿರುತ್ತದೆ. ಹಾಗಾಗಿ ತಲೆ ತೂರಿದರೆ ಭುಜವೂ ಹಿಂದೆಯೇ ಜಾರುತ್ತದೆ. ತಲೆ ತೂರುತ್ತದೋ ಇಲ್ಲವೋ ಎಂದು ಅಳೆಯುವುದಕ್ಕೆ ಮೀಸೆ ಇದೆ. ಬುಡದಲ್ಲಿ ನರಗಳು ತುಂಬಿರುವ ಆ ಕೂದಲು ಕತ್ತಲಲ್ಲೂ ಸಂದಿನ ಅಗಲ ಹೇಳುತ್ತದೆ. ಹಂಚಿನ ಮನೆಯವರು ಬಾಗಿಲಿಗಿಂತ ಮೊದಲು ಮಾಡಿನಂಚು ನೋಡಬೇಕು. ನಾವು ಅಲ್ಲಿಗೆ ಸ್ಟೀಲ್ ಜಾಲರಿ ಹೊಡೆಸಿದೆವು. ಸೊಳ್ಳೆಗೆಂದು ಕಿಟಕಿಗೆ ಹಾಕುವ ಮೆತ್ತನೆ ಬಲೆ ಬೆಕ್ಕಿನ ಉಗುರಿಗೆ ತಡೆಯುವುದಿಲ್ಲ. ಮಂಗಳೂರಿನ ಫ್ಲ್ಯಾಟ್‌ನಲ್ಲಿರುವವರಾದರೆ ಬಾಲ್ಕನಿಗೆ ಬಲೆ ಬೇಕೇ ಬೇಕು. ಬೀಳುವಾಗ ಬೆಕ್ಕು ಮೈ ತಿರುಗಿಸಿ ಕಾಲೂರುವುದು ನಿಜ, ಆದರೆ ದವಡೆ, ಎದೆ ಎಷ್ಟೋ ಸಲ ಜಖಂ ಆಗುತ್ತದೆ.

ಮೂರು ರಾತ್ರಿ ಹುಡುಕಿದೆವು. ಮೊದಲ ದಿನ ನಾನು ಮಾಡಿದ ತಪ್ಪು, ಹೆಸರು ಕೂಗುತ್ತಾ ದೂರ ದೂರ ಹೋದದ್ದು. ಕಾಣೆಯಾದ ಬೆಕ್ಕುಗಳ ಬಗ್ಗೆ 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಸಿಕ್ಕಿದ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು ಹೋದ ಜಾಗದಿಂದ 500 ಮೀಟರ್ ಒಳಗೇ ಇದ್ದವು. ಒಳಗೇ ಬೆಳೆದ ಬೆಕ್ಕು ಹೊರಗೆ ಬಿದ್ದ ಕೂಡಲೇ ಹೆದರಿ ಅಡಗುತ್ತದೆ. ಅಡಗಿದ ಬೆಕ್ಕು ಉಸಿರೆತ್ತುವುದಿಲ್ಲ. ಕೂಗಿದರೆ ಶತ್ರುವಿಗೆ ಜಾಗ ಗೊತ್ತಾಗುತ್ತದಲ್ವಾ. ಹೆಸರು ಅದಕ್ಕೆ ಗೊತ್ತಿಲ್ಲ ಅಂತಲ್ಲ. ಬೆಕ್ಕು ತನ್ನ ಹೆಸರನ್ನು ಬೇರೆ ಶಬ್ದಗಳಿಂದ ಬೇರೆ ಮಾಡಿ ಗುರುತಿಸುತ್ತದೆ ಎಂದು ಜಪಾನಿನ ಸಂಶೋಧಕರು 2019ರಲ್ಲಿ ತೋರಿಸಿದ್ದಾರೆ. ಗೊತ್ತಿದ್ದೂ ಹೆದರಿಕೆಯಿಂದ ಓಗೊಡುವುದಿಲ್ಲ, ಅಷ್ಟೇ.

ಮೂರನೇ ರಾತ್ರಿ ಮಳೆ ಬಿಟ್ಟ ಮೇಲೆ ಪಕ್ಕದ ಮನೆಯ ಸೌದೆ ಕೊಟ್ಟಿಗೆಗೆ ಟಾರ್ಚ್ ಬಿಟ್ಟೆ. ಟಾರ್ಚನ್ನು ನಮ್ಮ ಕಣ್ಣಿನ ಮಟ್ಟಕ್ಕೆ ಹಿಡಿದು ಬೆಳಕನ್ನು ನೆಲದ ಹತ್ತಿರ ನಿಧಾನವಾಗಿ ಆಡಿಸಬೇಕು. ಮಡಲಿನ ರಾಶಿಯ ಅಡಿಯಲ್ಲಿ ಎರಡು ಹಸಿರು ಚುಕ್ಕಿ ಹೊಳೆದವು. ಬೆಕ್ಕಿನ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರ ಇದೆ. ಬಂದ ಬೆಳಕನ್ನು ಅದು ಮತ್ತೊಮ್ಮೆ ಕಣ್ಣೊಳಗೇ ಹಾಯಿಸುತ್ತದೆ, ಮಿಕ್ಕದ್ದು ನಮ್ಮ ಕಡೆ ಹೊಳೆಯುತ್ತದೆ. ನಾನು ಕೈ ಹಾಕಲಿಲ್ಲ. ಅಲ್ಲೇ ಕೂತು ಊಟದ ಡಬ್ಬಿಯನ್ನು ಮೆಲ್ಲಗೆ ಅಲ್ಲಾಡಿಸಿದೆ. ಇಪ್ಪತ್ತು ನಿಮಿಷ ಬೇಕಾಯಿತು, ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಅವಳು ಹೊರಬರಲು.

ಎರಡು ತಿಂಗಳ ನಂತರ ಅಟ್ಟದಲ್ಲಿ ಮೂರು ಮರಿ. ಆ ಸಂಜೆ ಅವಳು ಹೋದದ್ದು ಬೆದೆಗೆ ಬಂದು. ಮರಿಯಾಗದಂತೆ ಮಾಡಿಸುವ ಆಪರೇಶನ್ನನ್ನು ಮಳೆ ಮುಗಿಯಲಿ ಎಂದು ಮುಂದೂಡಿದ್ದೆವು. ಹಗಲು ಉದ್ದವಾದರೆ ಬೆಕ್ಕು ಬೆದೆಗೆ ಬರುತ್ತದೆ. ಚಳಿ ದೇಶಗಳಲ್ಲಿ ಚಳಿಗಾಲ ಪೂರ್ತಿ ಅದು ಸುಮ್ಮನಿರುತ್ತದೆ. ಉಡುಪಿಯಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಹಾಗಾಗಿ ನಮ್ಮೂರ ಪುಚ್ಚೆಗಳಿಗೆ (ತುಳುವಿನಲ್ಲಿ ಬೆಕ್ಕು) ಯಾವ ತಿಂಗಳೂ ಬಿಡುವಿಲ್ಲ. ನಾಲ್ಕೈದು ತಿಂಗಳಿಗೇ ಗಬ್ಬವಾಗಬಹುದು, ಅಷ್ಟರೊಳಗೆ ವೈದ್ಯರ ಹತ್ತಿರ ಕರೆದೊಯ್ಯಿರಿ. ಗಂಡು ಬೆಕ್ಕಿಗೂ ಮಾಡಿಸಿದರೆ ಅಲೆಯುವುದು, ಕಾದಾಡುವುದು ಎರಡೂ ಕಡಿಮೆಯಾಗುತ್ತದೆ.

ಆದರೆ ಬಲೆ, ಆಪರೇಶನ್ ಇಷ್ಟೇ ಮಾಡಿ ಬಿಟ್ಟರೆ ಮನೆ ಜೈಲಾಗುತ್ತದೆ. ಬೆಕ್ಕಿನ ದಿನಚರಿಯಲ್ಲಿ ಬೆಳಗಿನ ಜಾವ ಮತ್ತು ಮುಸ್ಸಂಜೆ ಮುಖ್ಯ. ಅದು ಬೇಟೆಯ ಹೊತ್ತು. ಕಾಡುಬೆಕ್ಕು ಹೊಂಚಿ, ಹಾರಿ, ಹಿಡಿದು, ತಿಂದು, ಮೈ ನೆಕ್ಕಿ ಮಲಗುತ್ತದೆ. ಈ ಸರಪಳಿ ಮುಗಿಯದೆ ಮನೆಬೆಕ್ಕಿಗೂ ಸಮಾಧಾನವಿಲ್ಲ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರ 2021ರ ಅಧ್ಯಯನದಲ್ಲಿ ದಿನಕ್ಕೆ ಐದರಿಂದ ಹತ್ತು ನಿಮಿಷ ಆಟವಾಡಿಸಿದ ಬೆಕ್ಕುಗಳು ಮನೆಗೆ ತರುವ ಬೇಟೆ 25% ಕಡಿಮೆಯಾಯಿತು. ಹೆಚ್ಚು ಮಾಂಸವಿರುವ ಆಹಾರ ಕೊಟ್ಟಾಗ 36% ಇಳಿಯಿತು. ನಾನು ಸಂಜೆ ದೀಪ ಹಚ್ಚುವ ಹೊತ್ತಿಗೆ ಹಗ್ಗದ ತುದಿಗೆ ಕೋಳಿಗರಿ ಕಟ್ಟಿ ಎಳೆಯುತ್ತೇನೆ. ಬೊಳ್ಳಿಯ ಮುಖದತ್ತ ಎಳೆಯಬಾರದು, ಇಲಿ ಎಲ್ಲಾದರೂ ಬೆಕ್ಕಿನ ಕಡೆ ಓಡುತ್ತದೆಯೇ? ದೂರ ಓಡಿಸಿ, ಬಾಗಿಲ ಹಿಂದೆ ಮರೆ ಮಾಡಬೇಕು. ಆಗ ಅವಳ ಹಿಂಗಾಲು ಅಲುಗಾಡಿ, ಹಾರುತ್ತಾಳೆ. ಕೊನೆಗೆ ಗರಿಯನ್ನು ಅವಳ ಬಾಯಿಗೇ ಬಿಡುತ್ತೇನೆ. ತಕ್ಷಣ ಬೇಯಿಸಿ ಮುಳ್ಳು ತೆಗೆದ ಬಂಗುಡೆ. ಹಸಿ ಮೀನು ಕೊಡುವುದಿಲ್ಲ, ಕೆಲವು ಜಾತಿಯ ಹಸಿ ಮೀನು ಬಿ1 ವಿಟಮಿನ್ನನ್ನು ನಾಶ ಮಾಡುತ್ತದೆ. ತಿಂದು, ಮುಖ ತೊಳೆದುಕೊಂಡು, ಅವಳು ಮಲಗಿಬಿಡುತ್ತಾಳೆ.

ಸಿಟೌಟಿನ ಗ್ರಿಲ್ಲಿಗೂ ಜಾಲರಿ ಹಾಕಿದ್ದೇವೆ. ಹಾಗಾಗಿ ಈಗ ಎರಡು ಬಾಗಿಲು: ಒಳಗಿನದು ಮುಚ್ಚಿದ ಮೇಲೆಯೇ ಹೊರಗಿನದು ತೆಗೆಯುವುದು. ಎಂಟೂವರೆಗೆ ಎಡಗಿವಿ ಈಗಲೂ ತಿರುಗುತ್ತದೆ. ಬೊಳ್ಳಿ ಕಿಟಕಿಯ ದಂಡೆ ಹತ್ತಿ ಜಾಲರಿಗೆ ಮೂಗು ಒತ್ತಿ ಕೂರುತ್ತಾಳೆ. ಹಾರ್ನ್ ಹತ್ತಿರವಾಗುತ್ತದೆ. ಸಿಟೌಟಿನಿಂದ ಅಮ್ಮ ಪಾತ್ರೆ ಹಿಡಿದು ಕೇಳುತ್ತಾರೆ, "ಒಳಗಿನ ಬಾಗಿಲು ಹಾಕಿದ್ಯಾ?"