ನಾಲ್ಕು ರ‍್ಯಾಮ್ ಹಾಕಿದರೆ ಓವರ್‌ಕ್ಲಾಕ್ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ನನ್ನ ಹತ್ತಿರ ಇಂಟೆಲ್ ಕೋರ್ 2 ಕ್ವಾಡ್ ಕ್ಯೂ6600 ಪ್ರೊಸೆಸರ್ ಇರುವ ಹಳೇ ಡೆಸ್ಕ್‌ಟಾಪ್ ಇದೆ. ಪಿ35 ಚಿಪ್‌ಸೆಟ್ ಬೋರ್ಡು. 2 ಜಿಬಿಯ ಎರಡು ಡಿಡಿಆರ್2-800 ಸ್ಟಿಕ್ ಇದ್ದಾಗ ಎಫ್‌ಎಸ್‌ಬಿಯನ್ನು (ಪ್ರೊಸೆಸರ್ ಮತ್ತು ಬೋರ್ಡಿನ ನಡುವಿನ ದಾರಿಯ ವೇಗ) 333 ಮೆಗಾಹರ್ಟ್ಜ್‌ಗೆ ಏರಿಸಿ ಓವರ್‌ಕ್ಲಾಕ್ ಮಾಡಿ, ಅಂದರೆ ಕಂಪನಿ ಹೇಳಿದ್ದಕ್ಕಿಂತ ಜೋರಾಗಿ, 3 ಗಿಗಾಹರ್ಟ್ಜ್‌ನಲ್ಲಿ ಆರಾಮಾಗಿ ಓಡಿಸುತ್ತಿದ್ದೆ. ಅದೇ ಥರದ ಇನ್ನೆರಡು ಸ್ಟಿಕ್ ತಂದು ಹಾಕಿದ ಮೇಲೆ ಸ್ಕ್ರೀನ್ ಮೇಲೆ ಏನೂ ಬರುತ್ತಿಲ್ಲ. ಓವರ್‌ಕ್ಲಾಕ್ ಮಾಡುವುದಾದರೆ ಡ್ಯುಯಲ್ ಚಾನಲ್ (ರ‍್ಯಾಮ್‌ಗೆ ಎರಡು ದಾರಿ) ಬಿಟ್ಟು ಸಿಂಗಲ್ ಚಾನಲ್ಲೇ ವಾಸಿ ಅಂತ ಒಬ್ಬರು ಹೇಳಿದರು. ನಿಜವಾ?

ಉತ್ತರ: ಅಲ್ಲ. ಡ್ಯುಯಲ್ ಚಾನಲ್ ನಿಮ್ಮ ಶತ್ರು ಅಲ್ಲ. ಒಂದೇ ಚಾನಲ್ಲಿಗೆ ಎರಡೆರಡು ಸ್ಟಿಕ್ ಸೇರಿರುವುದು ಒಂದು ತೊಂದರೆ. ಬಯಾಸ್‌ನಲ್ಲಿ (ಯಂತ್ರ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪರದೆ) ನೀವು ಬಹುಶಃ ಮುಟ್ಟದೇ ಬಿಟ್ಟಿರುವ ಒಂದು ಸೆಟ್ಟಿಂಗ್ ಇನ್ನೊಂದು. ನನ್ನ ಅನುಮಾನ ಎರಡನೆಯದರ ಮೇಲೇ ಜಾಸ್ತಿ.

ಮೊದಲು ಆ ಸೆಟ್ಟಿಂಗ್ ನೋಡೋಣ. ಕ್ಯೂ6600ರ ಮೂಲ ಎಫ್‌ಎಸ್‌ಬಿ 266, ಗುಣಕ 9. ಹಾಗಾಗಿ 2.4 ಗಿಗಾಹರ್ಟ್ಜ್. ರ‍್ಯಾಮ್ ವೇಗಕ್ಕೂ ಇದೇ 266 ಬುಡ. 266ರಿಂದ ಡಿಡಿಆರ್2-800 ಹೊರಡಬೇಕಾದರೆ ಬೋರ್ಡು 2:3 ಅನುಪಾತ ಹಿಡಿಯುತ್ತದೆ. ರ‍್ಯಾಮ್ 400ರಲ್ಲಿ ಓಡುತ್ತದೆ, ಡಿಡಿಆರ್ (ಒಂದು ಬಡಿತಕ್ಕೆ ಎರಡು ಸಲ ಸಾಗಿಸುವಂಥದ್ದು) ಆದ್ದರಿಂದ ಅದರ ಎರಡರಷ್ಟು, ಅಂದರೆ 800. ಈಗ ಆ ಅನುಪಾತವನ್ನು ಹಾಗೇ ಬಿಟ್ಟು ಎಫ್‌ಎಸ್‌ಬಿ 333 ಮಾಡಿದರೆ ಏನಾಗುತ್ತದೆ? ರ‍್ಯಾಮ್ 500ಕ್ಕೆ ಹೋಗುತ್ತದೆ. ಅಂದರೆ ಡಿಡಿಆರ್2-1000! ನೀವು ಪ್ರೊಸೆಸರ್ ಮಾತ್ರ ಏರಿಸಿದ್ದೀರಿ ಅಂದುಕೊಂಡಿದ್ದೀರಿ, ರ‍್ಯಾಮ್ ಕೂಡ ಸದ್ದಿಲ್ಲದೆ ಕಾಲು ಭಾಗ ಏರಿಬಿಟ್ಟಿದೆ. ನಿಮ್ಮ ಮೊದಲ ಜೋಡಿ ಒಳ್ಳೆಯದಿದ್ದು ಅಷ್ಟನ್ನೂ ತಡೆದುಕೊಂಡಿರಬಹುದು. ನಾಲ್ಕು ಸೇರಿದ ಮೇಲೆ ತಡೆದುಕೊಳ್ಳುವುದು ಕಷ್ಟ.

ಇದು ಹೌದೋ ಅಲ್ಲವೋ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಹೊಸ ಎರಡು ಸ್ಟಿಕ್ ತೆಗೆದು, ಹಳೇ ಸೆಟ್ಟಿಂಗ್‌ನಲ್ಲೇ ಆನ್ ಮಾಡಿ ಸಿಪಿಯು-ಝಡ್ ಅನ್ನುವ ತಂತ್ರಾಂಶ ತೆರೆಯಿರಿ. ಮೆಮೊರಿ ಟ್ಯಾಬ್‌ನಲ್ಲಿ ಡಿರ‍್ಯಾಮ್ ಫ್ರೀಕ್ವೆನ್ಸಿ 500ರ ಆಸುಪಾಸು ಕಂಡರೆ ಕಳ್ಳ ಸಿಕ್ಕ ಹಾಗೆ. ಅಲ್ಲೇ ಚಾನಲ್ಸ್ ಅನ್ನುವ ಜಾಗದಲ್ಲಿ ಡ್ಯುಯಲ್ ಅಂತ ಇದೆಯಾ ಅಂತಲೂ ನೋಡಿಕೊಳ್ಳಿ.

ಪರಿಹಾರ ಸುಲಭ. ಬಯಾಸ್‌ನಲ್ಲಿ ರ‍್ಯಾಮ್ ಅನುಪಾತವನ್ನು ಆಟೋದಿಂದ ತಪ್ಪಿಸಿ 1:1 ಮಾಡಿ. ಕೆಲವು ಬೋರ್ಡುಗಳಲ್ಲಿ ಇದು 2.00 ಅನ್ನುವ ಗುಣಕವಾಗಿ ಕಾಣುತ್ತದೆ. ಆಗ ಎಫ್‌ಎಸ್‌ಬಿ 333, ರ‍್ಯಾಮ್ ಡಿಡಿಆರ್2-667. ನಿಮ್ಮ ಸ್ಟಿಕ್‌ಗಳ ಮೇಲೆ ಬರೆದಿರುವ ವೇಗಕ್ಕಿಂತಲೂ ಕಡಿಮೆ.

ಅಯ್ಯೋ, ರ‍್ಯಾಮ್ ನಿಧಾನ ಆಯಿತಲ್ಲ ಅಂತ ಬೇಜಾರು ಬೇಡ. ಲೆಕ್ಕ ನೋಡಿ. ಎಫ್‌ಎಸ್‌ಬಿ 333 ಅಂದರೆ ಇಂಟೆಲ್ ಭಾಷೆಯಲ್ಲಿ ಅದರ ನಾಲ್ಕರಷ್ಟು, 1333, ಸೆಕೆಂಡಿಗೆ ಸುಮಾರು 10.6 ಜಿಬಿ ಸಾಗಿಸುವ ದಾರಿ. ಡಿಡಿಆರ್2-667ರ ಒಂದು ಚಾನಲ್ ಸೆಕೆಂಡಿಗೆ 5.3 ಜಿಬಿ ಕೊಡುತ್ತದೆ, ಎರಡು ಸೇರಿದರೆ 10.6. ಸರಿಗೆ ಸರಿ! ಆ ಕಾಲದ ಇಂಟೆಲ್ ಯಂತ್ರಗಳಲ್ಲಿ ಮೆಮೊರಿ ಕಂಟ್ರೋಲರ್ ಪ್ರೊಸೆಸರ್ ಒಳಗಿರಲಿಲ್ಲ, ಬೋರ್ಡಿನ ನಾರ್ತ್‌ಬ್ರಿಡ್ಜ್‌ನಲ್ಲಿತ್ತು. ರ‍್ಯಾಮ್‌ನಿಂದ ಹೊರಟದ್ದೆಲ್ಲ ಎಫ್‌ಎಸ್‌ಬಿ ದಾಟಿಯೇ ಪ್ರೊಸೆಸರ್‌ಗೆ ತಲುಪಬೇಕು. ಮದುವೆ ಮನೆಯಲ್ಲಿ ಸಾಂಬಾರ್ ಬಡಿಸಲು ಎಷ್ಟು ಜನ ಓಡಾಡಿದರೂ ಅಡುಗೆಮನೆ ಬಾಗಿಲು ಒಂದೇ ಅಲ್ವಾ? ಬಾಗಿಲಿಗಿಂತ ಜಾಸ್ತಿ ಬಕೆಟ್ ತುಂಬಿಸಿಟ್ಟರೆ ಅವು ಒಳಗೇ ಕಾಯುತ್ತವೆ. ರ‍್ಯಾಮ್ ಇನ್ನೂ ಜೋರಾದರೆ ಕಾಯುವ ಸಮಯ ಒಂಚೂರು ಇಳಿಯುತ್ತದೆ, ಅಷ್ಟೇ.

ಇದೇ ಲೆಕ್ಕ ಸಿಂಗಲ್ ಚಾನಲ್ ಸಲಹೆಗೂ ಉತ್ತರ. ಸಿಂಗಲ್ ಮಾಡಿದರೆ 10.6ರ ಬಾಗಿಲಿಗೆ 5.3 ಮಾತ್ರ ಬರುತ್ತದೆ. ಕೋರ್ 2 ಕ್ವಾಡ್‌ನ 8 ಎಂಬಿ ಕ್ಯಾಶ್ (ಪ್ರೊಸೆಸರ್‌ನದೇ ಪುಟ್ಟ ಮೆಮೊರಿ) ಈ ಕೊರತೆಯನ್ನು ಬಹಳಷ್ಟು ಮುಚ್ಚಿಕೊಳ್ಳುತ್ತದೆ, ಹಾಗಾಗಿ ಬ್ರೌಸರ್, ಟೈಪಿಂಗ್‌ನಲ್ಲಿ ವ್ಯತ್ಯಾಸ ಗೊತ್ತಾಗದಿರಬಹುದು. ದೊಡ್ಡ ಫೈಲ್ ಕುಗ್ಗಿಸುವಾಗ ಗೊತ್ತಾಗುತ್ತದೆ. ಜಿ31, ಜಿ41 ಥರದ ಬೋರ್ಡಿನಲ್ಲಿ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್ ಹಂಚಿಕೊಳ್ಳುವುದರಿಂದ ಅಲ್ಲಿ ಇನ್ನೂ ಜಾಸ್ತಿ ಏಟು.

ಹಾಗಾದರೆ ಆ ಮಾತು ಹುಟ್ಟಿದ್ದು ಎಲ್ಲಿ? ರ‍್ಯಾಮ್ ವೇಗದ ದಾಖಲೆ ಮುರಿಯುವವರು ಒಂದೇ ಒಂದು ಸ್ಟಿಕ್ ಹಾಕಿ ಪ್ರಯತ್ನಿಸುತ್ತಾರೆ. ಅವರಿಗೆ ಬೇಕಿರುವುದು ಒಂದು ಸಂಖ್ಯೆ, ಒಂದು ಸ್ಕ್ರೀನ್‌ಶಾಟ್. ದಿನಾ ಕೆಲಸ ಮಾಡುವ ಯಂತ್ರಕ್ಕೆ ಆ ಪಾಠ ಹೊಂದುವುದಿಲ್ಲ.

ಈಗ ನಾಲ್ಕು ಸ್ಟಿಕ್‌ನ ನಿಜವಾದ ಕಷ್ಟ. ಎರಡು ಚಾನಲ್‌ಗಳಿಗೆ ಬೋರ್ಡಿನಲ್ಲಿ ಬೇರೆ ಬೇರೆ ತಂತಿಗಳಿವೆ. ಚಾನಲ್ಲಿಗೆ ಒಂದರಂತೆ ಎರಡು ಸ್ಟಿಕ್ ಹಾಕಿದರೆ ಒಂದರ ಭಾರ ಇನ್ನೊಂದರ ತಂತಿಯ ಮೇಲೆ ಬೀಳುವುದಿಲ್ಲ. ಒಂದರಿಂದ ಎರಡಕ್ಕೆ ಹೋದಾಗ ಓವರ್‌ಕ್ಲಾಕ್ ಹೆಚ್ಚೇನೂ ಸೊರಗದಿರುವುದು ಇದಕ್ಕೇ. ಎರಡರಿಂದ ನಾಲ್ಕಕ್ಕೆ ಹೋದಾಗ ಕಥೆ ಬೇರೆ. ಒಂದೇ ಚಾನಲ್‌ನ ಎರಡೂ ಸ್ಲಾಟ್‌ಗಳು ಒಂದೇ ತಂತಿಗೆ ಜೋತುಬಿದ್ದಿವೆ. 2 ಜಿಬಿಯ ಡಿಡಿಆರ್2 ಸ್ಟಿಕ್‌ನಲ್ಲಿ ಸಾಮಾನ್ಯವಾಗಿ ಎರಡೂ ಕಡೆ ಸೇರಿ 16 ಚಿಪ್ ಇರುತ್ತವೆ. ಒಂದು ಚಾನಲ್‌ನ ಕಮಾಂಡ್ ತಂತಿಗೆ 16 ಚಿಪ್ ಇದ್ದದ್ದು ಈಗ 32 ಆಯಿತು. ಸಿಗ್ನಲ್ ಏಳುವುದು, ಇಳಿಯುವುದು ಮಂದವಾಗುತ್ತದೆ. ಕಡಿಮೆ ವೇಗದಲ್ಲಿ ಅದಕ್ಕೆ ಸಾವಕಾಶ ಇರುತ್ತದೆ. ವೇಗ ಏರಿದಂತೆ ಸೊನ್ನೆ ಯಾವುದು, ಒಂದು ಯಾವುದು ಅಂತ ಗುರುತಿಸುವಷ್ಟರಲ್ಲಿ ಮುಂದಿನದು ಬಂದುಬಿಡುತ್ತದೆ.

ಇದು ಇಂಟೆಲ್‌ಗೆ ಮಾತ್ರ ಅಂಟಿದ ಕಾಯಿಲೆ ಅಲ್ಲ. ಎಎಂಡಿಯ ಸಾಕೆಟ್ 939 ಅಥ್ಲಾನ್ 64ರಲ್ಲಿ ಕಂಟ್ರೋಲರ್ ಪ್ರೊಸೆಸರ್ ಒಳಗೇ ಇತ್ತು. ಅಲ್ಲೂ ನಾಲ್ಕು ಸ್ಟಿಕ್ ಹಾಕಿದರೆ ಕಮಾಂಡ್ ರೇಟ್ 1ಟಿ ಬಿಟ್ಟು 2ಟಿಗೆ (ಪ್ರತಿ ಕಮಾಂಡ್‌ಗೆ ಒಂದರ ಬದಲು ಎರಡು ಬಡಿತದ ಸಮಯ) ಇಳಿಯಬೇಕಾಗುತ್ತಿತ್ತು. ಇಂಟೆಲ್‌ನ 2008ರ ಎಕ್ಸ್58 ಬೋರ್ಡುಗಳಲ್ಲಿ ಮೂರು ಚಾನಲ್. ಐ7-920ನ್ನು 4 ಗಿಗಾಹರ್ಟ್ಜ್‌ಗೆ ಏರಿಸುವವರು ಮೂರು ಸ್ಟಿಕ್‌ನಲ್ಲಿ ನೆಮ್ಮದಿಯಾಗಿದ್ದು, ಆರು ಹಾಕಿದಾಗ ಕಂಟ್ರೋಲರ್‌ಗೆ ಇನ್ನಷ್ಟು ವೋಲ್ಟೇಜ್ ಕೊಡುತ್ತಿದ್ದರು. 2011ರ ಐ5-2500ಕೆ ಬಂದ ಮೇಲೆ ಈ ತಲೆನೋವು ಬಹಳ ಕಡಿಮೆಯಾಯಿತು. ಅಲ್ಲಿ ಗುಣಕ ಏರಿಸಿದರೆ ಪ್ರೊಸೆಸರ್ ಮಾತ್ರ ಏರುತ್ತದೆ, ರ‍್ಯಾಮ್ ತನ್ನ ಪಾಡಿಗೆ ತಾನಿರುತ್ತದೆ.

ನಿಮ್ಮ ಯಂತ್ರಕ್ಕೆ ಬರೋಣ. 1:1 ಮಾಡಿದ ಮೇಲೂ ನಾಲ್ಕು ಸ್ಟಿಕ್ ನಿಲ್ಲದಿದ್ದರೆ ಟೈಮಿಂಗ್ (ರ‍್ಯಾಮ್ ಪ್ರತಿ ಹೆಜ್ಜೆಗೆ ಕಾಯುವ ಬಡಿತಗಳು) 5-5-5-15, ಕಮಾಂಡ್ ರೇಟ್ 2ಟಿ ಅಂತ ಕೈಯಲ್ಲೇ ಹಾಕಿ. ಪಿ35ರ ನಾರ್ತ್‌ಬ್ರಿಡ್ಜ್‌ನ ಮಾಮೂಲಿ ವೋಲ್ಟೇಜ್ 1.25. ಅದನ್ನು ಒಂದು ಮೆಟ್ಟಿಲು ಏರಿಸಿ, ನಾಲ್ಕು ಸ್ಟಿಕ್ ಓಡಿಸುವ ಕೆಲಸ ಅದರದೇ. ಅದರ ಮೇಲಿನ ಹೀಟ್‌ಸಿಂಕ್ ಮುಟ್ಟಿ ನೋಡಿ, ಬೆರಳು ಇಡಲಾಗದಷ್ಟು ಬಿಸಿ ಇದ್ದರೆ ಪಕ್ಕದಲ್ಲೊಂದು ಸಣ್ಣ ಫ್ಯಾನ್ ಬೇಕು. ಪರ್ಫಾರ್ಮೆನ್ಸ್ ಲೆವೆಲ್ (ನಾರ್ತ್‌ಬ್ರಿಡ್ಜ್ ಕಾಯುವ ಹೊತ್ತು) ಅನ್ನುವ ಆಯ್ಕೆ ಇದ್ದರೆ ಒಂದು ಹೆಚ್ಚಿಸಿ. ರ‍್ಯಾಮ್ ವೋಲ್ಟೇಜ್ ಮಾತ್ರ ಸುಮ್ನೆ ಏರಿಸಬೇಡಿ. ಡಿಡಿಆರ್2ಗೆ 1.8 ಸಾಕು, 667ರಲ್ಲಂತೂ ಧಾರಾಳ.

ಸ್ಲಾಟ್ ಬಣ್ಣವನ್ನೂ ನೋಡಿ. ಎರಡೇ ಸ್ಟಿಕ್ ಇದ್ದಾಗ ಬಹಳಷ್ಟು ಬೋರ್ಡುಗಳಲ್ಲಿ ಒಂದೇ ಬಣ್ಣದ ಎರಡು ಸ್ಲಾಟ್‌ಗೆ ಹಾಕಿದರೆ ಡ್ಯುಯಲ್ ಆಗುತ್ತದೆ. ಎಲ್ಲ ಕಂಪನಿಗಳೂ ಹೀಗೇ ಮಾಡಿಲ್ಲ, ಮ್ಯಾನ್ಯುಯಲ್ ನೋಡುವುದು ಒಳ್ಳೆಯದು. ತಪ್ಪಿ ಒಂದೇ ಚಾನಲ್ಲಿಗೆ ಎರಡನ್ನೂ ತುರುಕಿದರೆ ಎರಡೂ ಕಡೆ ನಷ್ಟ. ವೇಗ ಅರ್ಧ, ತಂತಿಯ ಭಾರ ದುಪ್ಪಟ್ಟು.

ಯಂತ್ರ ಆನ್ ಆಯಿತು ಅಂದ ಮಾತ್ರಕ್ಕೆ ಗೆದ್ದಂತಲ್ಲ. ಒಮ್ಮೆ ನಾನು ಬೇರೆ ಬೇರೆ ಕಂಪನಿಯ ನಾಲ್ಕು ಸ್ಟಿಕ್ ಹಾಕಿ, ವಿಂಡೋಸ್ ಬಂತಲ್ಲ ಅಂತ ಖುಷಿಯಾಗಿ ಎರಡು ದಿನ ಫೋಟೋ ಕಾಪಿ ಮಾಡಿದೆ. ಆಮೇಲೆ ನೋಡಿದರೆ ಅರ್ಧಕ್ಕರ್ಧ ಜಿಪ್ ಫೈಲ್ ತೆರೆಯುತ್ತಲೇ ಇರಲಿಲ್ಲ. ಅದಾದ ಮೇಲೆ ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸದೆ ಯಾವ ಫೈಲನ್ನೂ ಮುಟ್ಟುವುದಿಲ್ಲ. ನೀವೂ ಮೊದಲು ಎಫ್‌ಎಸ್‌ಬಿ 266ರಲ್ಲೇ ನಾಲ್ಕನ್ನೂ ಪರೀಕ್ಷಿಸಿ. ಅಲ್ಲೇ ತಪ್ಪು ಬಂದರೆ ಓವರ್‌ಕ್ಲಾಕ್‌ನದಲ್ಲ, ಬಹುಶಃ ಸ್ಟಿಕ್‌ನದೇ ದೋಷ.

ಸೆಕೆಂಡ್ ಹ್ಯಾಂಡ್ ಸ್ಟಿಕ್ ಕೊಳ್ಳುವವರಿಗೆ ಇನ್ನೊಂದು ಮಾತು. ಬೆಂಗಳೂರಿನ ಎಸ್‌ಪಿ ರೋಡ್ ಇರಲಿ, ಆನ್‌ಲೈನ್ ಇರಲಿ, ಅಗ್ಗಕ್ಕೆ ಸಿಗುವ ಕೆಲವು 4 ಜಿಬಿ ಡಿಡಿಆರ್2 ಸ್ಟಿಕ್‌ಗಳು ಎಎಂಡಿ ಬೋರ್ಡಿಗೆ ಮಾತ್ರ ಹೊಂದುತ್ತವೆ. ಇಂಟೆಲ್ ಚಿಪ್‌ಸೆಟ್‌ಗೆ ಆ ಚಿಪ್‌ಗಳ ಜೋಡಣೆ ಅರ್ಥವಾಗುವುದಿಲ್ಲ. ಕೇಳಿ ತಗೊಳ್ಳಿ.

ಇಷ್ಟೆಲ್ಲ ಮಾಡಿಯೂ 333ರಲ್ಲಿ ನಾಲ್ಕು ನಿಲ್ಲದಿದ್ದರೆ ನಾನಾಗಿದ್ದರೆ ಎಫ್‌ಎಸ್‌ಬಿ 300ಕ್ಕೆ ಇಳಿಸಿ, 2.7 ಗಿಗಾಹರ್ಟ್ಜ್‌ನಲ್ಲಿ 8 ಜಿಬಿ ಇಟ್ಟುಕೊಳ್ಳುತ್ತೇನೆ. ಇವತ್ತಿನ ಬ್ರೌಸರ್‌ಗೆ 300 ಮೆಗಾಹರ್ಟ್ಜ್‌ಗಿಂತ 4 ಜಿಬಿ ರ‍್ಯಾಮ್ ದೊಡ್ಡದು. ಆದರೆ ನಿಮ್ಮ ವಿಂಡೋಸ್ 32-ಬಿಟ್ ಆಗಿದ್ದರೆ ಈ ತಾಪತ್ರಯವೇ ಬೇಡ. ಅದಕ್ಕೆ 4 ಜಿಬಿಗಿಂತ ಹೆಚ್ಚು ಬಳಸಲು ಬರುವುದಿಲ್ಲ, ಹೊಸ ಜೋಡಿ ತೆಗೆದು ಡಬ್ಬಿಗೆ ಹಾಕಿ.